ಗಂಡಸರಿಗೆ ಮಾತ್ರ

ಇವತ್ತು ಬೆಳಿಗ್ಗೆ ಅಕ್ಕಿ ರೊಟ್ಟಿ ಒತ್ತುವಾಗ ಒತ್ತುಮಣೆಯ ಹಿಡಿ ಕಿರ್ರೆಂದಿತು. ಎಣ್ಣೆ ಬಿಡಬೇಕು ಅಂದುಕೊಳ್ಳುತ್ತಲೇ ನಗು ಬಂತು. ಈ ಮಣೆ ನಮ್ಮ ಮನೆಗೆ ಬಂದ ಕಥೆ ನಿಮಗೆ ಹೇಳಲೇಬೇಕು.

ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಶಾರದಾ ಎಸ್ಟೇಟ್ ಆಸ್ಪತ್ರೆಯಲ್ಲಿ ನರ್ಸ್. ಬೆಳಿಗ್ಗೆ ಆರಕ್ಕೇ ಡ್ಯೂಟಿ. ನನಗೆ ಸೋಮವಾರಪೇಟೆಯ ಗೊಬ್ಬರದಂಗಡಿಯಲ್ಲಿ ಹತ್ತಕ್ಕೆ ಕೆಲಸ. ಹಾಗಾಗಿ ರೊಟ್ಟಿ ನನ್ನ ಪಾಲಿಗೆ ಬಂತು. ಕೈಯಲ್ಲೇ ತಟ್ಟುತ್ತಿದ್ದೆ, ಒಂದೊಂದು ರೊಟ್ಟಿಯೂ ಒಂದೊಂದು ತಾಲ್ಲೂಕಿನ ನಕ್ಷೆಯಂತಿರುತ್ತಿತ್ತು. ಆದರೆ ಗೇಟು ಸದ್ದಾದರೆ ಸಾಕು, ಕೈ ತೊಳೆದು ಓಡಿಹೋಗಿ ಪೇಪರ್ ಹಿಡಿದು ಕೂರುತ್ತಿದ್ದೆ. ಮಾವ ಹೇಳದೇ ಕೇಳದೇ ಬಂದುಬಿಡುವವರು. ಅಡುಗೆಮನೆಯಲ್ಲಿ ಸಿಕ್ಕಿಬಿದ್ದ ಅಳಿಯನನ್ನು ಅವರು ಗಂಡಸೆಂದು ಲೆಕ್ಕಕ್ಕೆ ಇಟ್ಟಾರೇ ಎಂಬುದೇ ನನ್ನ ಭಯ. ಮಿಲಿಟರಿಯಿಂದ ಬಂದವರು ಬೇರೆ; ಅವರ ಗಿರಿಜಾ ಮೀಸೆಯ ಎದುರು ನನ್ನದು ಬರೀ ಹುಬ್ಬಿನಷ್ಟು.

ಒಂದು ಸಂತೆಯ ದಿನ ಮಾವನ ಜೊತೆ ಪೇಟೆಗೆ ಹೋಗಿದ್ದೆ. ಪಾತ್ರೆ ಅಂಗಡಿಯ ಗೋಡೆಯ ಮೇಲೆ ಹೊಸ ಜಾಹೀರಾತು. ಆಳೆತ್ತರದ ಕೆಂಪಕ್ಷರ: ‘ಗಂಡಸರಿಗೆ ಮಾತ್ರ!’ ಜನ ಅತ್ತಿತ್ತ ನೋಡಿ, ಯಾರೂ ಗಮನಿಸುತ್ತಿಲ್ಲ ಅಂದುಕೊಂಡು ಹತ್ತಿರ ಹೋಗುತ್ತಿದ್ದರು. ನಾವೂ ಹೋದೆವು. ಕೆಳಗೆ, ದಪ್ಪ ಮೀಸೆಯ ಪೈಲ್ವಾನನೊಬ್ಬ ಸೊಂಟಕ್ಕೆ ಟವೆಲ್ ಬಿಗಿದು ಒಲೆಯ ಮುಂದೆ ನಿಂತ ಚಿತ್ರ. ಅದರಡಿ: ‘ಕದ್ದುಮುಚ್ಚಿ ತಟ್ಟಿದ್ದು ಸಾಕು, ಇನ್ನು ಒತ್ತಿ! ದುಂಡನೆಯ ರೊಟ್ಟಿಗೆ ನಮ್ಮ ಮಣೆ.’

ನೆರೆದವರೆಲ್ಲ ಘೊಳ್ಳೆಂದು ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಗುಟ್ಟಿಟ್ಟುಕೊಂಡವನ ನಗು ಯಾವಾಗಲೂ ಒಂದು ಕೈ ಮೇಲೇ. ಮಾವ ಮಾತ್ರ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು.

“ಅಳಿಯಂದ್ರೇ, ಒಳಗೆ ಹೋಗಿ ಒಂದು ತಗೊಂಡು ಬರ್ತೀರಾ? ನಾನು ಹೋದ್ರೆ ಊರೆಲ್ಲ ಆಡ್ಕೊಳ್ತಾರೆ.”

“ಅತ್ತೆಗಾ, ಮಾವ?”

“ಅವಳಿಗೆಲ್ಲಿ? ಮಂಡಿನೋವು ಶುರುವಾದಾಗಿಂದ ರೊಟ್ಟಿ ನಾನೇ ಸುಡೋದು ಕಣ್ರೀ. ಮಿಲಿಟರಿಲಿ ಇದ್ದಿದ್ದೂ ಅಡುಗೆಗೇ. ನಿಮಗೆ ಹೇಳ್ಬೇಡ ಅಂತ ಶಾರದಾ ಹತ್ರ ಆಣೆ ಹಾಕಿಸ್ಕೊಂಡಿದ್ದೆ.”

ನನ್ನ ಹೆಂಡತಿ ಎರಡೂ ಕಡೆಯ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೇಗೆ ನಗು ತಡೆದಿದ್ದಳೋ! ನನಗಂತೂ ಎದೆಯ ಮೇಲಿನ ಭಾರ ಇಳಿದು ಹಾಯೆನಿಸಿತು.

“ಹಾಗಾದ್ರೆ ಎರಡು ತಗೊಳ್ಳೋಣ ಮಾವ,” ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ನಕ್ಕರು ನೋಡಿ, ಮೀಸೆಯ ತುದಿ ಕಿವಿ ಮುಟ್ಟುವ ಹಾಗೆ. ಇಬ್ಬರೂ ಒಟ್ಟಿಗೇ ಅಂಗಡಿಯ ಮೆಟ್ಟಿಲು ಹತ್ತಿದೆವು.

ಇದನ್ನೆಲ್ಲ ನೆನೆಯುತ್ತಿರುವಾಗಲೇ ಗೇಟು ಸದ್ದಾಯಿತು. “ಒಳಗೇ ಬನ್ನಿ, ಕೈಯೆಲ್ಲ ಹಿಟ್ಟು!” ಎಂದು ಕೂಗಿ, ಇನ್ನೊಂದು ಉಂಡೆ ಇಟ್ಟು ಒತ್ತಿದೆ. ಹಿಡಿ ಮತ್ತೆ ಕಿರ್ರೆಂದಿತು. ಎಣ್ಣೆ ಬಿಡುವುದು ಬೇಡ ಅನ್ನಿಸಿತು. ಬೀದಿಗೆ ಕೇಳಿದರೆ ಕೇಳಲಿ.