ಇಲ್ಲದ ವಾಷಿಂಗ್ ಮಷೀನು

ಇವತ್ತು ಬೆಳಗ್ಗೆ ಚಹಾ ಸೋಸುತ್ತಿದ್ದಾಗ ಮೊಬೈಲು ಟಿಣ್ ಅಂತು. ನೋಡಿದರೆ, ‘ಅಭಿನಂದನೆಗಳು! ನಿಮಗೆ ಎರಡು ಲಕ್ಷ ರೂಪಾಯಿ ಸಾಲ ಮಂಜೂರಾಗಿದೆ.’ ನಾನು ಕೇಳೇ ಇಲ್ಲವಲ್ಲ ಮಹಾರಾಯ! ಕೂಸು ಹುಟ್ಟಿದರೆ, ಮಗಳು ಪಾಸಾದರೆ ಅಭಿನಂದನೆ ಹೇಳುವುದು ಗೊತ್ತು. ಸಾಲ ಆದದ್ದಕ್ಕೂ ಹೇಳುವ ಕಾಲ ಬಂತಲ್ಲ ಎಂದು ಒಬ್ಬಳೇ ನಕ್ಕೆ. ನಮ್ಮ ಕಾಲದಲ್ಲಿ ಸಾಲವೆಂದರೆ ಕಿಟಕಿ ಮುಚ್ಚಿ ಆಡುವ ಮಾತು. ನಾನಂತೂ ಅದನ್ನು ಮುಚ್ಚಿಡಲು, ಮನೆಯಲ್ಲಿ ಇಲ್ಲದ ಒಂದು ವಾಷಿಂಗ್ ಮಷೀನನ್ನು ನಾಲ್ಕು ತಿಂಗಳು ಓಡಿಸಿದವಳು. ಕೂತುಕೊಳ್ಳಿ, ಹೇಳುತ್ತೇನೆ.

ಹದಿನೈದು ವರ್ಷದ ಹಿಂದಿನ ಮಾತು. ವಿಜಯಪುರ ಬಿಟ್ಟು ಪುಣೆಯ ಕೊಂಢವಾಕ್ಕೆ ಬಂದು ಮೂರು ವರ್ಷವಾಗಿತ್ತು. ನಮ್ಮ ಯಜಮಾನರದು ಫ್ಯಾನು, ಮಿಕ್ಸರ್ ರಿಪೇರಿ ಮಾಡುವ ಚಿಕ್ಕ ಅಂಗಡಿ. ಸುತ್ತ ಹೊಸ ಹೊಸ ಬಿಲ್ಡಿಂಗು ಏಳುತ್ತಿದ್ದವು, ಗಿರಾಕಿಗಳಿಗೆ ಬರವಿರಲಿಲ್ಲ. ಬರವಿದ್ದದ್ದು ರೊಕ್ಕಕ್ಕೆ. ನಮ್ಮವರ ಕೈ ಚುರುಕು, ಆದರೆ ಉದ್ರಿ ಕೇಳಿದವರಿಗೆ ಇಲ್ಲ ಅನ್ನಲು ಬಾಯೇ ಬರುತ್ತಿರಲಿಲ್ಲ. ಗಿರಾಕಿಗಳು ರೊಕ್ಕ ಕೊಡದಿದ್ದಾಗ ಇವರು ಬಡ್ಡಿಯವನ ಹತ್ತಿರ ಐವತ್ತು ಸಾವಿರ ತಂದು, ಅಂಗಡಿಯ ಡಿಪಾಜಿಟ್ ಕಾಗದವನ್ನು ಅವನ ಕೈಗಿಟ್ಟಿದ್ದರು. ದೀಪಾವಳಿಯೊಳಗೆ ಅಸಲು ಕೊಡದಿದ್ದರೆ ಅಂಗಡಿ ಹೋಯಿತು. ಇಷ್ಟನ್ನೂ ನನಗೆ ಹೇಳಿದ್ದು ಹೋಳಿ ಹುಣ್ಣಿಮೆ ಕಳೆದ ಮೇಲೆ.

“ಹೇಳಿದ್ರ ನೀ ಅಂಜ್ತಿ ಅಂತ ಹೇಳಲಿಲ್ಲ.”

“ಈಗೇನ ನಾ ಕುಣ್ಯಾಕತ್ತೀನೇನು?” ಎಂದೆ. ಎರಡು ದಿನ ಅವರೊಂದಿಗೆ ಮಾತು ಬಿಟ್ಟೆ. ಮೂರನೆಯ ದಿನ ನನಗೆ ಭಿಶಿ ನೆನಪಾಯಿತು.

ಪುಣೆಯ ಹೆಂಗಸರಿಗೆ ಭಿಶಿ ಏನೆಂದು ಹೇಳಬೇಕಿಲ್ಲ, ನಿಮಗಾಗಿ ಹೇಳುತ್ತೇನೆ. ನಮ್ಮ ಬಿಲ್ಡಿಂಗಿನ ಹನ್ನೆರಡು ಮಂದಿ ತಿಂಗಳಿಗೆ ತಲಾ ಎರಡು ಸಾವಿರ ಹಾಕುತ್ತಿದ್ದೆವು. ಚೀಟಿಯಲ್ಲಿ ಯಾರ ಹೆಸರು ಬಂತೋ ಅವಳಿಗೆ ಇಪ್ಪತ್ನಾಲ್ಕು ಸಾವಿರವೂ ಹೋಗುತ್ತಿತ್ತು. ಯಾರಿಗಾದರೂ ಅಡಚಣೆ ಇದ್ದರೆ ಚೀಟಿ ಎತ್ತದೆ ನಂಬರು, ಅಂದರೆ ಆ ತಿಂಗಳ ಸರದಿ, ಬೇಡಬಹುದು. ಆದರೆ ಆ ಅಡಚಣೆ ನಗುನಗುತ್ತ ಹೇಳುವಂಥದ್ದಿರಬೇಕು: ಫ್ರಿಜ್ಜು, ಪೈಠಣಿ ಸೀರೆ, ಬಂಗಾರದ ಸರ. ಸಾಲ ಅಂತ ಬಾಯಿ ಬಿಟ್ಟರೆ ಮುಗಿಯಿತು, ಇವಳು ನಾಳೆ ಕಂತು ಕಟ್ಟುತ್ತಾಳೋ ಇಲ್ಲವೋ ಎಂದು ಉಳಿದವರ ಎದೆ ಹೊಡೆದುಕೊಳ್ಳುತ್ತದೆ. ಅದಕ್ಕೆ ನಾನೂ ಹೊಸ ಸೀರೆ ಉಟ್ಟು ಹೋಗಿ, “ವಾಷಿಂಗ್ ಮಷೀನ ತೊಗೋಬೇಕಂತ ಮಾಡೀನ್ರಿ” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿ ಕೊಟ್ಟರು. ರೊಕ್ಕ ಮರುದಿನವೇ ಬಡ್ಡಿಯವನ ಕೈ ಸೇರಿತು. ಹೆಚ್ಚುಕಡಿಮೆ ಅರ್ಧ ಸಾಲ ಇಳಿಯಿತು, ಇನ್ನರ್ಧ ತಲೆಯ ಮೇಲೆಯೇ ಇತ್ತು.

ಇನ್ನು ಶುರುವಾಯಿತು ನೋಡಿ ನನ್ನ ಫಜೀತಿ. ಎದುರು ಮನೆಯ ಮರಾಠಿ ಹೆಂಗಸು, ನಾವೆಲ್ಲ ಅತ್ತಿಗೆ ಎಂಬಂತೆ ವಹಿನಿ ಅನ್ನುತ್ತಿದ್ದವಳು, ಬಾಗಿಲಲ್ಲೇ ನಿಂತು, “ಮಷೀನ್ ಆಲೀ ಕಾ?” ಅಂದಳು. ಬಂತು ಅಂದೆ. ಆಮೇಲೆ ಮನೆಗೆ ಯಾರೂ ಬರದಂತೆ ನೋಡಿಕೊಳ್ಳುವುದೇ ನನ್ನ ಕೆಲಸವಾಯಿತು. ಯಾರಾದರೂ ಬಂದರೆ ಬಾಗಿಲಿಗೆ ಅಡ್ಡ ನಿಂತು ಮಾತಾಡಿಸಿ ಕಳಿಸುತ್ತಿದ್ದೆ. ಬಟ್ಟೆ ಕುಕ್ಕುವ ಸಪ್ಪಳ ಕೇಳಬಾರದೆಂದು ಮಧ್ಯಾಹ್ನ ಟೀವಿಯ ಧ್ವನಿ ಏರಿಸಿ ಬಚ್ಚಲಿಗೆ ಹೋಗುತ್ತಿದ್ದೆ. ಧಾರಾವಾಹಿಯ ಅತ್ತೆ ಸೊಸೆ ಹೊರಗೆ ಕಿರಿಚಾಡುತ್ತಿದ್ದರೆ ನಾನು ಒಳಗೆ ಇವರ ಪ್ಯಾಂಟಿನ ಗ್ರೀಸು ತಿಕ್ಕುತ್ತಿದ್ದೆ.

ಹೀಗಿರುವಾಗ ಕೆಳಗಿನ ಮನೆಯ ಶಾಂತಾ ಕಾಕು ಮೇಲೆ ಬಂದರು. ಭಿಶಿಯ ಮುಖ್ಯಸ್ಥೆ, ಜಮಖಂಡಿಯ ಕಡೆಯವರು, ದೊಡ್ಡ ಕುಂಕುಮ, ದೊಡ್ಡ ಧ್ವನಿ. ಕಂಕುಳಲ್ಲಿ ಒಂದು ಗಂಟು.

“ನಮ್ಮ ಮಷೀನ ಕೆಟ್ಟ ಕುಂತದವಾ. ಮಳಿಗಾಲ ಬ್ಯಾರೆ. ಈ ಎರಡ ಚಾದರ ನಿನ್ನ ಮಷೀನಿಗೆ ಹಾಕಿಕೊಡ್ತೀಯೇನು?”

ಇಲ್ಲ ಅನ್ನುವುದು ಹೇಗೆ? “ಅದಕ್ಕೇನ್ರಿ ಕಾಕು, ಕೊಡ್ರಿ” ಅಂದೆ. ಬಿಚ್ಚಿ ನೋಡಿದರೆ ಸೋಲಾಪುರದ ಚಾದರಗಳು! ನೀರು ಕುಡಿದ ಸೋಲಾಪುರ ಚಾದರವನ್ನು ನೀವು ಎಂದಾದರೂ ಎತ್ತಿದ್ದೀರಾ? ಎಮ್ಮೆ ಎತ್ತಿದ ಹಾಗೆ. ಒಗೆದೆ, ಹಿಂಡಿದೆ, ರಟ್ಟೆ ಬಿದ್ದುಹೋಯಿತು. ಒಪ್ಪಿಸಿದಾಗ ಅವರು ಮುಟ್ಟಿ ನೋಡಿ, “ಭಾಳ ಹಸಿ ಅದಾವಲ್ಲ?” ಎಂದರು. ಹೊಸ ಮಷೀನು, ಬಟನ್ನು ಇನ್ನೂ ತಿಳಿದಿಲ್ಲ ಎಂದು ಬಾಯಿಗೆ ಬಂದದ್ದು ಹೇಳಿದೆ. ಮುಂದಿನ ವಾರ ಮತ್ತೆ ಎರಡು ಬಂದವು. ಅದರ ಮುಂದಿನ ವಾರ ಮೂರು.

ಆ ಮೂರನೆಯ ಸಲ ನನ್ನ ಗ್ರಹಚಾರ ನೆಟ್ಟಗಿರಲಿಲ್ಲ. ಬಾಗಿಲ ಚಿಲಕ ಹಾಕುವುದು ಮರೆತಿತ್ತು. ಇನ್ನೊಂದು ದಿಂಬಿನ ಚೀಲ ಉಳಿದಿತ್ತೆಂದು ಕಾಕು ಸೀದಾ ಒಳಗೆ ಬಂದು ಬಚ್ಚಲ ಬಾಗಿಲಲ್ಲಿ ನಿಂತರು. ನಾನು ಸೀರೆ ಮೊಣಕಾಲಿಗೆ ಕಟ್ಟಿ, ಮೊಣಕೈವರೆಗೆ ನೊರೆಯಲ್ಲಿ, ಅವರದೇ ಚಾದರವನ್ನು ತುಳಿಯುತ್ತ ನಿಂತಿದ್ದೇನೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಸುತ್ತ ನೋಡಿದರು. ಮಷೀನಿನ ಜಾಗದಲ್ಲಿ ಬಕೆಟ್ಟು ಕೂತಿತ್ತು.

ಬೈಯುತ್ತಾರೆಂದುಕೊಂಡೆ. ಅವರು ಸೆರಗು ಸಿಕ್ಕಿಸಿ ಒಳಗೆ ಬಂದರು. “ಒಬ್ಬಾಕಿ ಹಿಂಡಿದ್ರ ನೀರ ಹೋಗಂಗಿಲ್ಲ. ಆ ತುದಿ ನೀ ಹಿಡಿ.” ನಾವಿಬ್ಬರೂ ಎದುರುಬದುರು ನಿಂತು ಚಾದರ ತಿರುವಿದೆವು. ನೀರು ದಬದಬ ಸುರಿಯಿತು, ನನ್ನ ಕಣ್ಣಿಂದಲೂ.

“ಎಷ್ಟದ ಸಾಲ?”

ಹೇಳಿದೆ. ಅಂಗಡಿ, ಕಾಗದ, ದೀಪಾವಳಿ ಎಲ್ಲವನ್ನೂ. ಅವರು ಚಾದರ ಝಾಡಿಸಿ ಹಗ್ಗಕ್ಕೆ ಹಾಕಿದರು. ಆ ಭಾನುವಾರ ಭಿಶಿಗೆ ಬಾ, ತಲೆ ತಗ್ಗಿಸಬೇಡ ಎಂದಷ್ಟೇ ಹೇಳಿ ಹೋದರು.

ಭಾನುವಾರ ಅವರ ಮನೆಯಲ್ಲಿ ಎಲ್ಲರೂ ಸೇರಿದ ಮೇಲೆ ಕಾಕು ಚೀಟಿಯ ಡಬ್ಬಿಯನ್ನು ಬದಿಗೆ ಸರಿಸಿದರು. “ಹ್ವಾದ ವರ್ಷ ನಾ ಬಂಗಾರದ ಸರ ಮಾಡಸ್ತೀನಿ ಅಂತ ನಂಬರ ತೊಗೊಂಡಿದ್ದೆ. ಯಾರರ ನನ್ನ ಕೊರಳಾಗ ಆ ಸರ ನೋಡೀರೇನು? ದವಾಖಾನಿ ಸಾಲ ತೀರಿಸೀನಿ.” ನಾನು ಎದ್ದು, ಮಷೀನು ಇಲ್ಲ ಎಂದೆ. ಎದುರು ಮನೆಯ ವಹಿನಿ ನೆಲ ನೋಡುತ್ತ, “ಮಾಝಾ ಸೋಫಾ ಪಣ ತಸಾಚ್” ಅಂದಳು. ಅವಳ ಸೋಫಾದ ಕಥೆಯೂ ಅದೇ ಅಂತೆ! ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ನಮ್ಮ ಬಿಲ್ಡಿಂಗಿನ ಅರ್ಧ ಸಾಮಾನು ಬರೀ ಮಾತಿನಲ್ಲಿತ್ತು. ಅವತ್ತು ನಕ್ಕಷ್ಟು ನಾವು ಯಾವ ಮದುವೆ ಮನೆಯಲ್ಲೂ ನಕ್ಕಿಲ್ಲ.

ಆ ತಿಂಗಳ ನಂಬರು ಕಾಕುವಿನದೇ ಇತ್ತು, ಹೊಸ ಮಷೀನಿಗೆಂದು. ಅದನ್ನು ನನಗೆ ಕೊಟ್ಟರು. ಮುಂದಿನ ಸುತ್ತಿನ ನನ್ನ ನಂಬರು ಅವರಿಗೆ ಎಂದು ಮಾತಾಯಿತು. ದಸರೆಗೆ ಮೊದಲೇ ನಾನೂ ಇವರೂ ಕೂಡಿ ಹೋಗಿ ಕಾಗದ ಬಿಡಿಸಿಕೊಂಡು ಬಂದೆವು. ಮರುದಿನದಿಂದ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ನಾನೇ ಕೂತೆ, ಉದ್ರಿಯವರು ದಾರಿ ಬದಲಿಸಿದರು. ಒಂದು ವರ್ಷ ಕಾಕು ಕೈಯಲ್ಲೇ ಬಟ್ಟೆ ಒಗೆದರು, ಚಾದರ ಇದ್ದ ದಿನ ನಾನು ಇಳಿದು ಹೋಗುತ್ತಿದ್ದೆ. ಅಂಥವರನ್ನು ನಾನು ಮತ್ತೆ ಕಂಡಿಲ್ಲ.

ಈಗ ಕಾಕು ಪುಣೆಯ ಇನ್ನೊಂದು ತುದಿಯ ವಾಕಡದಲ್ಲಿ ಮಗನ ಮನೆಯಲ್ಲಿದ್ದಾರೆ, ಭಿಶಿ ನನ್ನ ಕೈಯಲ್ಲಿದೆ. ಇವತ್ತು ಸಂಜೆ ನಮ್ಮ ಮನೆಯಲ್ಲೇ ಸೇರಿದ್ದೆವು. ಮೂರನೆಯ ಮಹಡಿಗೆ ಗಂಡನೊಂದಿಗೆ ಬಾಡಿಗೆಗೆ ಬಂದಿರುವ ರಮ್ಯಾ, ಬೆಂಗಳೂರಿನ ಹುಡುಗಿ, ಮೊದಲ ನಂಬರು ಕೇಳಿದಳು. “ಟ್ರಿಪ್ ಹೋಗ್ಬೇಕು ಆಂಟಿ.” ಎಲ್ಲಿಗೆ ಎಂದರೆ ಒಮ್ಮೆ ಗೋವಾ ಅಂದಳು, ಒಮ್ಮೆ ಕೇರಳ.

ನಾನು ಕೆದಕಲಿಲ್ಲ. “ನಮ್ಮ ಮನೀ ಸಾಲ ಇನ್ನೂ ಹನ್ನೊಂದ ಲಕ್ಷ ಅದವಾ. ತಿಂಗಳಾ ತಪ್ಪದ ಕಟ್ತೀನಿ, ಆರಾಮ ನಿದ್ದಿ ಮಾಡ್ತೀನಿ. ಇಲ್ಲಿ ಕುಂತಾವ್ರಿಗೆಲ್ಲಾ ಗೊತ್ತದ” ಎಂದೆ.

ಅವಳ ಕಣ್ಣು ತುಂಬಿಕೊಂಡಿತು. “ಟ್ರಿಪ್ ಇಲ್ಲ ಆಂಟಿ. ಕ್ರೆಡಿಟ್ ಕಾರ್ಡು. ಎರಡು.”

“ಗಂಡಗ ಗೊತ್ತದೇನು?”

ಇಲ್ಲವೆಂದು ತಲೆಯಾಡಿಸಿದಳು.

“ನಂಬರ ನಿಂದು. ರೊಕ್ಕ ಈಗ ಒಯ್ಯಿ. ಆದ್ರ ಮೊದಲ ಅವಂಗ ಹೇಳು.”

ಅವಳು ಮೊಬೈಲು ಹಿಡಿದು ಎದ್ದು ಗ್ಯಾಲರಿಗೆ ಹೋದಳು. “ಹಲೋ... ಕೆಲ್ಸದಲ್ಲಿದ್ಯಾ? ಒಂದು ವಿಷ್ಯ ಹೇಳ್ಬೇಕಿತ್ತು...” ಎನ್ನುವುದು ಕೇಳಿಸಿತು. ನಾವೋ, ಪಕ್ಕದ ಮನೆಯ ಒಗ್ಗರಣೆಯ ಸಪ್ಪಳವನ್ನೂ ಬಿಡದೆ ಕೇಳುವ ಹೆಂಗಸರು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಎಲ್ಲರೂ ಒಮ್ಮೆಲೇ, ಬೇಕಂತಲೇ, ತರಕಾರಿಯ ರೇಟಿನ ಬಗ್ಗೆ ಜೋರಾಗಿ ಮಾತಾಡತೊಡಗಿದೆವು.