ಗಿರಣಿಗಿಂತ ಮುಂಚೆ ಹೊರಟ ಸುದ್ದಿ

ಶಿಕಾರಿಪುರದ ಆ ವಾರ್ಡಿನಲ್ಲಿ ಮಹೇಶ್ವರಪ್ಪನನ್ನು ಎಲ್ಲರೂ "ಮೆಂಬರ್ರೇ" ಎಂದು ಕರೆಯುತ್ತಿದ್ದರು. ಗೆದ್ದವಳು ಮಾತ್ರ ಅವನ ಹೆಂಡತಿ ಶೃತಿ. ಸೀಟು ಹೆಂಗಸರಿಗೆ ಮೀಸಲಾದಾಗ ಅವನೇ ಅವಳನ್ನು ನಿಲ್ಲಿಸಿ, "ಹೆಸರು ಅವಳದು, ಕೆಲಸ ನಂದು" ಎಂದು ಮನೆಮನೆ ಸುತ್ತಿ ವೋಟು ಕೇಳಿದ್ದ.

ಮೊದಮೊದಲು ಹಾಗೇ ನಡೆಯಿತು. ಪುರಸಭೆಯ ಮೀಟಿಂಗಿನಲ್ಲಿ ಮಾತು ಅವನದು, ಸಹಿ ಅವಳದು. ಅಲ್ಲಿಂದ ನೇರ ಚಹಾದಂಗಡಿಗೆ ಬಂದು, ನಲ್ಲಿ ನೀರು ಯಾವಾಗ, ಬೀದಿದೀಪ ಯಾವಾಗ ಎಂದು ಅವನು ಹೇಳುತ್ತಿದ್ದರೆ ಜನ ಲೋಟ ಕೆಳಗಿಟ್ಟು ಕೇಳುತ್ತಿದ್ದರು. ಆ ಹೊತ್ತಿಗಾಗಿಯೇ ಅವನು ಬದುಕಿದ್ದ ಎಂದರೂ ಸರಿಯೇ. ಆಮೇಲೆ ಹೊಸ ಅಧಿಕಾರಿ ಬಂದರು. ಮೆಂಬರುಗಳ ಗಂಡಂದಿರು ಹೊರಗೆ ಕೂರಬೇಕು ಎಂದರು. ಮಹೇಶ್ವರಪ್ಪನಿಗೆ ವರಾಂಡದ ಬೆಂಚು ಗತಿಯಾಯಿತು.

ಶೃತಿ ಸೊರಬ ಕಡೆಯ ಜಡೆ ಊರಿನವಳು, ಮಾತು ಕಡಿಮೆ. ಮೀಟಿಂಗಿನ ಮರುದಿನ ಬೆಳಿಗ್ಗೆ ಜೋಳದ ಡಬ್ಬ ಹಿಡಿದು ಪಂಚಾಕ್ಷರಪ್ಪನ ಹಿಟ್ಟಿನ ಗಿರಣಿಗೆ ಹೋಗುವಳು. ಸರದಿಗೆ ಕಾಯುವ ಹೆಂಗಸರು ಒಂದೊಂದೇ ಕೇಳುವರು. ಗೊತ್ತಿದ್ದಷ್ಟು ಹೇಳುವಳು. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ ಮಾರಾಯ್ತಿ, ಕೇಳಿ ಹೇಳ್ತೀನಿ" ಎನ್ನುವಳು. ಮುಂದಿನ ಸಲ ಮರೆಯದೆ ಹೇಳಿಯೂ ಬಿಡುವಳು. ಬರಬರುತ್ತಾ ಬೀಸುವುದಿಲ್ಲದವರೂ ಆ ದಿನ ಗಿರಣಿಗೆ ಬರತೊಡಗಿದರು. ಅವಳ ಮಾತು ಮುಗಿಯುವ ತನಕ ಪಂಚಾಕ್ಷರಪ್ಪ ಮೆಣಸಿನಕಾಯಿ ಪುಡಿಗೆ ಕೈ ಹಾಕುತ್ತಿರಲಿಲ್ಲ. ಹಾಕಿದರೆ ಸೀನಿನಲ್ಲೇ ಎಲ್ಲ ಮುಗಿಯುತ್ತಿತ್ತು.

ಒಂದು ದಿನ ಮಹೇಶ್ವರಪ್ಪ ಚಹಾದಂಗಡಿಯಲ್ಲಿ, "ನಾಡಿದ್ದಿನಿಂದ ನೀರು ಬೆಳಿಗ್ಗೆ ಬಿಡ್ತಾರೆ" ಎಂದು ಗಂಟಲು ಸರಿಮಾಡಿಕೊಂಡು ಶುರುಮಾಡಿದ.

"ಗೊತ್ತಾತ್ರಿ ಮೆಂಬರ್ರೇ," ಎಂದ ರಂಗಪ್ಪ, ಬನ್ನು ಅದ್ದುತ್ತ. "ನಮ್ಮನಿಗೆ ಹಿಟ್ಟಿನ ಜೊತಿಗೇ ಬಂತು."

ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ಮಧ್ಯಾಹ್ನ ಆ ಹಿಟ್ಟಿನ ರೊಟ್ಟಿಯನ್ನು ತಟ್ಟೆಯಲ್ಲಿ ಅರ್ಧಕ್ಕೇ ಬಿಟ್ಟ.

"ಇನ್ಮೇಲೆ ಗಿರಣಿಗೆ ನಾನೇ ಹೋಗ್ತೀನಿ," ಎಂದ.

"ಹೋಗಿ," ಎಂದಳು ಶೃತಿ. "ಅವ್ರು ಮೀಟಿಂಗ್ ಒಳಗಿಂದು ಕೇಳಿದ್ರೆ ಎಂಥ ಹೇಳ್ತೀರಿ?"

ಹೋಗಿಯೂ ಬಂದ. ಹೆಂಗಸರು ಸೆರಗು ಸರಿಮಾಡಿಕೊಂಡು ಕೂತರು. ಒಬ್ಬಳೂ ಏನೂ ಕೇಳಲಿಲ್ಲ. ನುಣ್ಣಗೋ ತರಿಯೋ ಹೇಳಲು ತಿಳಿಯದೆ ತರಿಹಿಟ್ಟು ಹೊತ್ತು ತಂದ. ಅಂದಿನಿಂದ ಅವಳು ಡಬ್ಬ ಎತ್ತಿದರೆ ಸಾಕು, ಅವನು ಚಪ್ಪಲಿ ಮೆಟ್ಟಿ ಹೊರನಡೆಯುವನು. ತಾನು ನಿಲ್ಲಿಸಿದವಳು, ತಾನು ಗೆಲ್ಲಿಸಿದವಳು. ಒಂದೇ ಒಂದು ಸಲವಾದರೂ ಸುದ್ದಿ ಗಿರಣಿಗಿಂತ ಮುಂಚೆ ತನ್ನ ಬಾಯಿಂದ ಹೊರಡಬೇಕು ಎಂದು ಪಣ ತೊಟ್ಟ.

ಮುಂದಿನ ಮೀಟಿಂಗಿನ ದಿನ ಬೆಂಚು ಬಿಟ್ಟು ಬಾಗಿಲ ಸಂದಿಗೆ ಕಿವಿ ಕೊಟ್ಟು ನಿಂತ. ಒಳಗೆ ಇಂಜಿನಿಯರು, "ಚರಂಡಿ ಮೇಲೆ ಕಟ್ಟಿದ್ದೆಲ್ಲ ತೆಗೀಬೇಕಾಗುತ್ತೆ" ಎಂದದ್ದು ಕೇಳಿತು. ಅಷ್ಟು ಸಾಕಾಯಿತು. ಹಿಂದೆಯೇ ಶೃತಿ ಎದ್ದು ಮಾತಾಡಿದ್ದನ್ನು ಕೇಳಲು ಅವನು ಅಲ್ಲಿರಲಿಲ್ಲ. ಚಹಾದಂಗಡಿಯಲ್ಲಿದ್ದ.

"ಚರಂಡಿ ಮೇಲಿನ ಕಟ್ಟೆ ಎಲ್ಲಾ ಒಡೀತಾರೆ. ಕಲ್ಲು ಬೇಕಾದೋರು ಮೊದ್ಲೇ ಕಿತ್ಕೊಳ್ರಿ," ಎಂದ. ಜನ ಲೋಟ ಕೆಳಗಿಟ್ಟರು. ಆ ಸಂಜೆ ಅವನಿಗೆ ರೊಟ್ಟಿ ಬಲು ರುಚಿಯಾಯಿತು. ಎದುರಿಗೆ ಕೂತವಳು ಮೀಟಿಂಗಿನ ಮಾತೆತ್ತಲಿಲ್ಲ, ಅವನೂ ಕೇಳಲಿಲ್ಲ.

ಅಂಗಡಿಯಲ್ಲಿದ್ದ ಉಜ್ಜಪ್ಪ ಮನೆಗೆ ಹೋದವನೇ ಹಾರೆ ತೆಗೆದುಕೊಂಡ. ಅವನ ಮನೆ ಮುಂದೆ ಚರಂಡಿಗೆ ಅಡ್ಡ ಹಾಸಿದ ಅಗಲವಾದ ಚಪ್ಪಡಿಯಿತ್ತು. ಅದರ ಮೇಲೆ ಕೂತೇ ಅವನ ಹೆಂಡತಿ ಮಹಾದೇವಮ್ಮ ಸೊಪ್ಪು ಮಾರುತ್ತಿದ್ದದ್ದು. ಕಲ್ಲು ಉಳಿಸಿಕೊಳ್ಳಲು ಮೀಟಿದ. ಕಲ್ಲು ನಡುಮಧ್ಯೆ ಎರಡಾಯಿತು.

ಬೆಳಿಗ್ಗೆ ಗಿರಣಿಯಲ್ಲಿ ಏನು ನಡೆಯುತ್ತದೋ ನೋಡೋಣವೆಂದು ಮಹೇಶ್ವರಪ್ಪ ಗೋಡೆ ಮರೆಗೆ ನಿಂತಿದ್ದ. ಶೃತಿ ಹೇಳುತ್ತಿದ್ದಳು: "ಯಾರೂ ಕಟ್ಟೆ ಒಡೀಬೇಡಿ. ಚಪ್ಪಡಿ ಎತ್ತಿ, ಹೂಳು ತೆಗ್ದು, ಅವ್ರೇ ವಾಪಸ್ ಹಾಕ್ತಾರೆ. ಹಂಗೇ ಆಗ್ಬೇಕು ಅಂತ ಹಟ ಹಿಡಿದು ಬರೆಸಿ ಬಂದೀನಿ."

ಮಹಾದೇವಮ್ಮ ಎದ್ದು ನಿಂತಳು. "ಹಂಗಾರ ಒಡೀರಿ ಅಂದೋರು ಯಾರವ್ವ? ನನ್ನ ಕಲ್ಲು ಹೋತಲ್ಲ. ಸೊಪ್ಪು ಎಲ್ಲಿಟ್ಕೊಂಡು ಕೂರ್ಲಿ?"

ಯಾರೆಂದು ಎಲ್ಲರಿಗೂ ಗೊತ್ತಿತ್ತು. ಶೃತಿ ಬಾಗಿಲಾಚೆ ನೋಡಿದಳು. ಗೋಡೆ ಮರೆಯ ಪಂಚೆಯ ಅಂಚು ಅವಳಿಗೆ ಕಂಡಿರಬೇಕು.

"ನಮ್ಮನೆಯಿಂದ ಆದ ತಪ್ಪು ಅಮ್ಮ," ಎಂದಳು. "ಕಲ್ಲು ನಾವೇ ಹಾಕ್ಸಿ ಕೊಡ್ತೀವಿ."

ಅವಳು ಅವನ ಹೆಸರು ಹಿಡಿದು ಬೈದಿದ್ದರೆ ಅವನು ತಿರುಗಿಸಿ ಬೈಯಬಹುದಿತ್ತು. ತಪ್ಪನ್ನು ಹೊತ್ತುಕೊಳ್ಳುವುದರಲ್ಲೂ ಅವಳೇ ಮುಂದಾದಳಲ್ಲ ಎಂದು ಅವನ ಮೈ ಉರಿಯಿತು.

ಹೊಸ ಚಪ್ಪಡಿ ಬಂದ ದಿನ ಉಜ್ಜಪ್ಪ ಸಲಿಕೆಯನ್ನು ಅವನ ಕೈಗೇ ಕೊಟ್ಟ. "ಸಿಮೆಂಟು ನೀವೇ ಕಲಸ್ರಿ ಮೆಂಬರ್ರೇ. ನಂಗೆ ಒಡೆಯಾಕಷ್ಟೇ ಬರ್ತೈತಿ."

ಪಂಚೆ ಎತ್ತಿ ಕಟ್ಟಿ ಕಲಸುತ್ತಿದ್ದಾಗ ರಂಗಪ್ಪ ಆ ದಾರಿಯಲ್ಲಿ ಬಂದ. "ಮೆಂಬರ್ರೇ, ಚರಂಡಿ ಕೆಲಸ ನಮ್ಮ ಸಾಲಿಗೆ ಯಾವಾಗ ಬರ್ತೈತ್ರಿ?"

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಮಹೇಶ್ವರಪ್ಪ ಅದನ್ನು ನುಂಗಿಕೊಂಡ.

"ಗೊತ್ತಿಲ್ಲ. ಕೇಳಿ ಹೇಳ್ತೀನಿ."

"ಇರ್ಲಿ ಬಿಡ್ರಿ," ಎಂದ ರಂಗಪ್ಪ, ನಡೆಯುತ್ತಲೇ. "ನಾಳೆ ನಮ್ಮನ್ಯಾಕಿ ಗಿರಣಿಗೆ ಹೋಗ್ತಾಳೆ."

ಮಹೇಶ್ವರಪ್ಪ ತಲೆ ಎತ್ತದೆ ಸಿಮೆಂಟಿಗೆ ನೀರು ಹಾಕಿದ. ಸ್ವಲ್ಪ ಹೆಚ್ಚೇ ಬಿತ್ತು.