ಯುಗಾದಿಯ ಬೆಳಗಿನ ಮೋಟಾರ್

ಈ ತಮಿಳು ನಗರಕ್ಕೆ ನೀರು ಕೊಡುವ ಪುಳಲ್ ಕೆರೆ ತಳ ಕಂಡ ಬೇಸಿಗೆಯಲ್ಲಿ ಪುರಸೈವಾಕ್ಕಂ ಬಡಾವಣೆಯ ನಮ್ಮ ಬೀದಿಗೆ ಬರುತ್ತಿದ್ದುದು ದೂರದಿಂದ ಕೊಳವೆಯಲ್ಲಿ ಹರಿದುಬಂದ ಕಾವೇರಿಯ ನೀರು. ಅದೂ ನಸುಕಿನಲ್ಲಿ ಸ್ವಲ್ಪ ಹೊತ್ತು ಮಾತ್ರ. ಆ ಕೊಳವೆಯ ಮೇಲೆ ಮೊದಲು ಕನ್ನಡದವರೇ ಹೆಚ್ಚಿರುವ ನಮ್ಮ ಅಪಾರ್ಟ್‌ಮೆಂಟ್, ನಂತರ ಹಿಂದಿನ ಓಣಿಯ ಕೈಪಂಪು, ಕೊನೆಯಲ್ಲಿ ಕಾಲುವೆ ದಂಡೆಯ ಗುಡಿಸಲುಗಳ ನಲ್ಲಿ. ನಮ್ಮವರು ಕೊಳವೆಗೇ ಮೋಟಾರ್ ಜೋಡಿಸಿದ್ದರು. ಅದು ಓಡುವಷ್ಟು ಹೊತ್ತು ಹಿಂದಿನವರಿಗೆ ಬರುತ್ತಿದ್ದುದು ಗಾಳಿ. ನಿವಾಸಿಗಳ ಸಂಘದ ಸಭೆಯಲ್ಲಿ ನಾನು ಇದನ್ನು ಕಳವು ಎಂದೇ ಕರೆದೆ. ಆ ಪದ ಯಾರಿಗೂ ಹಿಡಿಸಲಿಲ್ಲ.

ಬಹಳ ಜಗಳದ ನಂತರ ಒಪ್ಪಂದವಾಯಿತು: ಬೆಳಗ್ಗೆ ಐದರಿಂದ ಆರರವರೆಗೆ ನಮ್ಮ ಮೋಟಾರ್ ನಿಲ್ಲಬೇಕು, ಓಣಿಯವರು ತಮ್ಮ ಕೊಡಗಳನ್ನು ತುಂಬಿಕೊಂಡು ಉಳಿದದ್ದನ್ನು ಗುಡಿಸಲುಗಳಿಗೆ ಹರಿಯಗೊಡಬೇಕು. ಓಣಿಯ ಗಂಡಸರು ತಾವೂ ಮೋಟಾರ್ ತರುತ್ತೇವೆಂದು ಹಠ ಹಿಡಿದಿದ್ದರು. ತಡೆದವಳು ಪಂಪಿನ ಪಕ್ಕದಲ್ಲಿ ಇಡ್ಲಿ ಮಾರುವ ಹೆಂಗಸು.

"ನಿಮ್ಮನ್ನು ನಂಬಿ ಇವರನ್ನು ಒಪ್ಪಿಸಿದ್ದೇನೆ ಅಕ್ಕಾ" ಎಂದು ನನಗೆ ತಮಿಳಿನಲ್ಲಿ ಹೇಳಿದ್ದಳು.

ತಮಿಳು ಹೊಸವರ್ಷದ ಬೆಳಗಿಗೆ ನೀರನ್ನು ಹೇಗೆ ಹಂಚಿಕೊಳ್ಳುವುದೆಂದು ಕೂಡ ಎರಡೂ ಕಡೆಯವರು ಮಾತಾಡಿಕೊಂಡಿದ್ದೆವು. ಯುಗಾದಿಯ ಮಾತು ನಮ್ಮಲ್ಲಿ ಯಾರೂ ಎತ್ತಲಿಲ್ಲ. ಪರವೂರಿನಲ್ಲಿ ಅದು ಬಾಗಿಲೊಳಗಿನ ಹಬ್ಬ, ಊರಿನೊಂದಿಗೆ ಚರ್ಚಿಸುವಂಥದ್ದಲ್ಲ ಎಂಬುದು ನಮ್ಮ ರೂಢಿ.

ಯುಗಾದಿಯ ದಿನ ಐದು ದಾಟಿದರೂ ಮೋಟಾರ್ ಓಡುತ್ತಿತ್ತು. ಕೆಳಗಿಳಿದು ನೋಡಿದರೆ ಮೊದಲ ಮಹಡಿಯ ನಿವೃತ್ತ ರೈಲ್ವೆ ಅಧಿಕಾರಿಯೊಬ್ಬರು ನಿಂತಿದ್ದಾರೆ, ಹೆಗಲಿಗೆ ಟವೆಲ್, ತಲೆಯಿಂದ ಎಣ್ಣೆ ಇಳಿಯುತ್ತಿದೆ.

"ನಿಲ್ಲಿಸಿ ಸಾರ್, ಇದು ಓಣಿಯವರ ಹೊತ್ತು."

"ವರ್ಷಕ್ಕೊಂದಿನ ಕಣ್ರೀ! ಮನೆಮಂದಿಯೆಲ್ಲ ಎಣ್ಣೆ ಹಚ್ಕೊಂಡು ಕೂತಿದ್ದಾರೆ. ನಿಮ್ಮ ಸಮಾನತೆಯಿಂದ ಸೀಗೆಪುಡಿ ತೊಳೆಯೋಕಾಗುತ್ತಾ?"

ನಾನು ಸ್ವಿಚ್ ಆರಿಸಿದೆ. ಅವರು ಹಾಕಿದರು. ಮತ್ತೆ ಆರಿಸಿದಾಗ ಮೇಲಿನ ಮಹಡಿಗಳಿಂದ ಕೂಗು ಬಂತು. ಅವರು ಮತ್ತೆ ಹಾಕಿದರು. ಮೋಟಾರ್ ಓಡುತ್ತಿದ್ದಂತೆಯೇ ಆರು ಗಂಟೆಯಾಯಿತು.

ಓಣಿಗೆ ಹೋದಾಗ ಪಂಪಿನ ಬಳಿ ಖಾಲಿ ಕೊಡಗಳು ಸಾಲಾಗಿದ್ದವು. ಇಡ್ಲಿಯವಳ ಒಲೆ ಹೊತ್ತಿರಲಿಲ್ಲ.

"ಕಾವೇರಿನ ನಿಮ್ಮೂರಲ್ಲಿ ತಡೆದದ್ದು ಸಾಲದಾ? ಇಲ್ಲಿಗೆ ಬಂದ ಮೇಲೂ ಹಿಡ್ಕೋಬೇಕಾ?" ಎಂದ ಓಣಿಯವನೊಬ್ಬ.

ಎರಡು ರಾಜ್ಯಗಳ ಜನರನ್ನು ಹೀಗೆ ಎತ್ತಿಕಟ್ಟುವ ಮಾತನ್ನು ನಾನು ಎಷ್ಟೋ ವೇದಿಕೆಗಳಲ್ಲಿ ಖಂಡಿಸಿದ್ದೇನೆ. ಅಂದು ಅವನಿಂದ ಮುಖ ತಿರುಗಿಸಿದೆ. ಇನ್ನು ಹೀಗಾಗದು ಎಂದು ಇಡ್ಲಿಯವಳಿಗೆ ಹೇಳಿದೆ.

"ಆಗ್ಲಿ ಬಿಡ್ಲಿ, ಈ ಗಂಡಸರ ಮುಂದೆ ನಾನಿನ್ನು ಏನಂತ ಹೇಳ್ಲಿ ಅಕ್ಕಾ?" ಎಂದಳು.

ಅದೇ ವಾರ ಓಣಿಯಲ್ಲೂ ಮೋಟಾರ್ ಬಂತು. ಅದನ್ನು ನೆಪ ಮಾಡಿಕೊಂಡು ನಮ್ಮವರು ಐದರ ನಿಯಮವನ್ನು ಕೈಬಿಟ್ಟರು. ನಾನು ಜಲಮಂಡಳಿಗೆ ದೂರು ಕೊಟ್ಟೆ. ತಪಾಸಣೆಗೆ ಬಂದವರು ಎರಡೂ ಮೋಟಾರುಗಳ ಮೇಲೆ ಹೊದಿಸಿದ್ದ ಗೋಣಿಚೀಲಗಳನ್ನು ಎತ್ತಿ ನೋಡದೆ ಹೋದರು.

ಗುಡಿಸಲುಗಳ ನಲ್ಲಿಗೆ ಮಾತ್ರ ಆ ಬೇಸಿಗೆಯಲ್ಲಿ ಮತ್ತೆ ನೀರು ಬರಲಿಲ್ಲ. ಅಲ್ಲಿನ ಹೆಂಗಸರು ಕೊಡ ಹೊತ್ತು ನಮ್ಮ ಗೇಟಿನ ಮುಂದೆಯೇ ದೊಡ್ಡ ರಸ್ತೆಯ ಟ್ಯಾಂಕರಿಗೆ ಹೋಗುತ್ತಿದ್ದರು. ಅವರಲ್ಲಿ ಒಬ್ಬರೂ ನಮ್ಮನ್ನು ಬೈಯಲಿಲ್ಲ. ಒಪ್ಪಂದದ ಮಾತುಕತೆಗೆ ಅವರನ್ನು ಯಾರೂ ಕರೆದಿರಲಿಲ್ಲ. ಮುರಿದದ್ದು ಏನೆಂಬುದು ಅವರಿಗೆ ಗೊತ್ತೇ ಇರಲಿಲ್ಲ.